ಇಂಗ್ಲೆಂಡಿನ ನರ್ಸ್ ಕೆಲಸಕ್ಕೆ ಏಜೆಂಟ್ 4 ಲಕ್ಷ ಕೇಳುತ್ತಿದ್ದಾನೆ, ಕೊಡಬಹುದಾ?

ಐಸಿಯು_ಸಿಸ್ಟರ್:
ಮಂಗಳೂರಿನಲ್ಲಿ ಆರು ವರ್ಷದಿಂದ ಐಸಿಯು ನರ್ಸ್. ಒಇಟಿ (ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ) ಪಾಸಾಗಿದೆ. ಒಬ್ಬ ಏಜೆಂಟ್ "ಕೆಲಸ ಪಕ್ಕಾ" ಅಂತ 4 ಲಕ್ಷ ಕೇಳುತ್ತಿದ್ದಾನೆ. ರಸೀದಿ ಇಲ್ಲ. ಒರಿಜಿನಲ್ ಅಂಕಪಟ್ಟಿಗಳೂ ಅವನ ಬಳಿ ಇರಬೇಕಂತೆ. ಅಮ್ಮ ಆಗಲೇ ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿ ಸೊಸೈಟಿಯಲ್ಲಿ ಅಡವಿಡಲು ತಯಾರಾಗಿದ್ದಾರೆ. ಏನು ಮಾಡಲಿ?

ರಾತ್ರಿಪಾಳಿ:
ಬಳೆ ಪೆಟ್ಟಿಗೆಗೆ ವಾಪಸ್ ಹೋಗಲಿ ಸಿಸ್ಟರ್! ನಾನು ಇಂಗ್ಲೆಂಡಿನಲ್ಲೇ ಇದ್ದೇನೆ. ಇಲ್ಲಿನ ನೇಮಕಾತಿ ನೀತಿಸಂಹಿತೆ ಪ್ರಕಾರ ಕೆಲಸ ಕೊಡಿಸಲು ನರ್ಸ್ ಹತ್ತಿರ ಏಜೆನ್ಸಿ ಹಣ ತೆಗೆದುಕೊಳ್ಳುವಂತಿಲ್ಲ, ಆಸ್ಪತ್ರೆಯೇ ಕೊಡಬೇಕು. ನೀತಿಸಂಹಿತೆಗೆ ಒಪ್ಪಿದ ಏಜೆನ್ಸಿಗಳ ಪಟ್ಟಿ ಎನ್‌ಎಚ್‌ಎಸ್ ಎಂಪ್ಲಾಯರ್ಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಉದ್ಯೋಗದಾತರ ಸಂಸ್ಥೆ) ವೆಬ್‌ಸೈಟಿನಲ್ಲಿದೆ. ಇವನ ಹೆಸರು ಅಲ್ಲಿದೆಯಾ ನೋಡಿ.
ಇನ್ನೊಂದು. ಕರಾರಿನಲ್ಲಿ "ಮಧ್ಯದಲ್ಲಿ ಬಿಟ್ಟರೆ ಖರ್ಚು ವಾಪಸ್" ಅನ್ನೋ ಸಾಲು ಇರುತ್ತದೆ. ನಾನು ಓದದೆ ಸಹಿ ಹಾಕಿದೆ. 14 ತಿಂಗಳಿಗೆ ಬಿಟ್ಟಾಗ ವಿಮಾನದ ಟಿಕೆಟ್ಟು, ಓಸ್ಕಿ (ಇಲ್ಲಿ ನರ್ಸ್ ನೋಂದಣಿಗೆ ಬೇಕಾದ ಪ್ರಾಯೋಗಿಕ ಪರೀಕ್ಷೆ) ಶುಲ್ಕ ಎಲ್ಲಾ ಸಂಬಳದಲ್ಲಿ ಹಿಡಿದರು. ಕೊನೆ ತಿಂಗಳು ಅಕ್ಕಿ, ಮೊಟ್ಟೆಯಲ್ಲೇ ಕಳೆದೆ.

ಹಳೇ_ಗಲ್ಫ್_ಕೈ:
ಮೊದಲು ಇ-ಮೈಗ್ರೇಟ್ (ವಿದೇಶ ಕೆಲಸಕ್ಕೆ ಹೋಗುವವರಿಗಾಗಿ ಭಾರತ ಸರ್ಕಾರದ) ಪೋರ್ಟಲಿನಲ್ಲಿ ಏಜೆಂಟನ ನೋಂದಣಿ ಇದೆಯಾ ನೋಡಿ. ನೋಂದಾಯಿತ ಏಜೆಂಟರೂ ನಮ್ಮ ಕಾನೂನಿನಂತೆ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಕೇಳುವಂತಿಲ್ಲ. ಅಂಕಪಟ್ಟಿ ಮಾತ್ರ ಯಾರ ಕೈಗೂ ಕೊಡಬೇಡಿ. ಜೆರಾಕ್ಸ್ ಸಾಕು.

ಐಸಿಯು_ಸಿಸ್ಟರ್:
ನೋಂದಣಿ ಸಂಖ್ಯೆ ಕೇಳಿದೆ. "ನಂಬಿಕೆ ಇಲ್ವಾ ಮೇಡಂ?" ಅಂದ. ಆಮೇಲೆ ಫೋನೇ ಎತ್ತುತ್ತಿಲ್ಲ.