ಸಹಾಯ ಬೇಕು: ಕುಡಿತ ಬಿಟ್ಟಾಯ್ತು, ಅಪ್ಪನ ಮೇಲಿನ ಸಿಟ್ಟು ಹೋಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹಾಸನದ ಹತ್ತಿರ ಇದ್ದೇನೆ. ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರ ಸೇರಿ ಕುಡಿತ ಬಿಟ್ಟೆ, ಈಗ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಮೀಟಿಂಗಿಗೂ ಹೋಗುತ್ತೇನೆ. ದೇಹಕ್ಕೆ ಎಣ್ಣೆ ಬೇಡ, ತೊಂದರೆ ಇರೋದು ತಲೆಯಲ್ಲಿ.

ಚಿಕ್ಕವನಿದ್ದಾಗ ಅಪ್ಪ ಕುಡಿದು ಬಂದು ಬೆಲ್ಟಿನಲ್ಲಿ ಹೊಡೆಯುತ್ತಿದ್ದರು, ಅಡ್ಡ ಬಂದರೆ ಅಮ್ಮನಿಗೂ ಬೀಳುತ್ತಿತ್ತು. ಈಗ ಅವರಿಗೆ ಲಕ್ವ ಹೊಡೆದಿದೆ, ಸ್ನಾನ ಮಾಡಿಸುವವನು ನಾನೇ. ನೆಂಟರೆಲ್ಲ "ಹೆತ್ತಪ್ಪ ಕಣೋ, ಕ್ಷಮಿಸಿಬಿಡು" ಅನ್ನುತ್ತಾರೆ. ಹೇಳೋದು ಸುಲಭ ಅಲ್ವಾ?

ಎಎಯ 12 ಹೆಜ್ಜೆಗಳಲ್ಲಿ 4ನೆಯದು ನಮ್ಮೊಳಗಿನ ಸಿಟ್ಟು, ಭಯ, ತಪ್ಪು ಎಲ್ಲವನ್ನೂ ಬರೆದು ನೋಡುವುದು, 8 ಮತ್ತು 9 ನಾವು ನೋಯಿಸಿದವರ ಪಟ್ಟಿ ಮಾಡಿ ಆದಷ್ಟು ಸರಿಪಡಿಸುವುದು. ಹೆಂಡತಿ, ಮಗಳ ವಿಷಯದಲ್ಲಿ ಇದು ಅರ್ಥವಾಗುತ್ತದೆ; ನಾನು ಕುಡಿದು ಅವರ ಮೇಲೆ ಕೂಗಾಡಿದ್ದು ಅಪ್ಪನ ಲೆಕ್ಕಕ್ಕೆ ಹೋಗುವುದಿಲ್ಲ. ಆದರೆ ಅಪ್ಪನ ಹೆಸರು ಬರೆದ ಪುಟ ಮುಂದೆ ಹೋಗುತ್ತಿಲ್ಲ. ಕೈ ನಡುಗುತ್ತದೆ, ರಾತ್ರಿ ಮತ್ತೆ ಬಾರ್ ನೆನಪಾಗುತ್ತದೆ.

ಇಂಥದ್ದನ್ನು ಕ್ಷಮಿಸಿದವರು ಇಲ್ಲಿದ್ದರೆ ಹೇಳಿ, ಎದುರಿಗೆ ಕೂತು ಮಾತಾಡಿದಿರಾ, ಸುಮ್ನೆ ಒಳಗೇ ಬಿಟ್ಟಿರಾ? ಅಪ್ಪನಿಗೆ ಈಗ ಮಾತೂ ಸರಿಯಾಗಿ ಬರುವುದಿಲ್ಲ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ದೆ, ಉಚಿತ, ಕನ್ನಡದಲ್ಲೇ ಮಾತಾಡಿದರು, ಆ ರಾತ್ರಿ ಕಳೆಯಿತು. ಆದರೆ ನನಗೆ ವಾರವಾರ ಕೂತು ಕೇಳುವ ಕೌನ್ಸೆಲರ್ ಬೇಕು, ಹಾಸನದಲ್ಲೇ. ಅಪ್ಪನನ್ನು ಬಿಟ್ಟು ಪದೇ ಪದೇ ಬೆಂಗಳೂರಿಗೆ, ನಿಮ್ಹಾನ್ಸ್‌ಗೆ ಬರುವಂತಿಲ್ಲ. ಹೆಂಡತಿಗೂ ಕನ್ನಡದ ಅಲ್-ಅನಾನ್ (ಕುಡಿಯುವವರ ಮನೆಯವರಿಗಾಗಿ ಇರುವ) ಗುಂಪು ಗೊತ್ತಿದ್ದರೆ ತಿಳಿಸಿ, ಫೋನಲ್ಲಿ ನಡೆಯೋದಾದರೂ ಪರವಾಗಿಲ್ಲ.