ಬಜ್ಪೆಯಿಂದ ಮುಂಬೈಗೆ ನಿಜಕ್ಕೂ ಎಷ್ಟು ಹೊತ್ತು? ಅನುಭವಸ್ಥರು ತಿಳಿಸಿ

ಮಣಿಪಾಲದಿಂದ ಪ್ರಶ್ನೆ: ಜುಲೈಯಲ್ಲಿ ಮಂಡಿನೋವಿರುವ ಅಮ್ಮನನ್ನು ಮುಂಬೈ ಹತ್ತಿರದ ಡೊಂಬಿವಲಿಯ ಅಕ್ಕನ ಮನೆಗೆ ಕರೆದೊಯ್ಯಬೇಕಾಗಿದೆ. ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದಿಂದ ಮುಂಬೈಗೆ ವಿಮಾನದ ದೂರ ಸುಮಾರು 715 ಕಿ.ಮೀ., ಟಿಕೆಟ್ಟಿನಲ್ಲಿ ಒಂದೂಮುಕ್ಕಾಲು ಗಂಟೆ ಎಂದಿದೆ. ವಿಮಾನವೋ, ಮತ್ಸ್ಯಗಂಧಾ ರೈಲೋ?

ಕಾಪುವಿನಿಂದ: ಕಳೆದ ಮಳೆಗಾಲದಲ್ಲಿ ಮಾವನ ಬೊಜ್ಜಕ್ಕೆಂದು (ಉತ್ತರಕ್ರಿಯೆಗೆ) ಮುಂಬೈಯಿಂದ ಹೊರಟಿದ್ದೆ. ಬಜ್ಪೆಯ ಮೇಲೆ ಮೋಡ ಕವಿದು ರನ್‌ವೇ ಕಾಣದೆ, ವಿಮಾನ ಆಕಾಶದಲ್ಲೇ ಸುತ್ತು ಹಾಕಿ ಬೆಂಗಳೂರಿಗೆ ಹೋಯಿತು. ಅಲ್ಲಿ ಬಹಳ ಹೊತ್ತು ಒಳಗೇ ಕೂರಿಸಿ, ಕೊನೆಗೆ ಬಸ್ಸು ಹತ್ತಿಸಿದರು. ಶಿರಾಡಿ ಘಾಟಿ ಇಳಿದು ಮನೆ ಸೇರುವಾಗ ಊಟದ ಎಲೆಯನ್ನೂ ಎತ್ತಿಯಾಗಿತ್ತು. ಬಜ್ಪೆಯಲ್ಲಿ ಕಾದಿದ್ದ ಟ್ಯಾಕ್ಸಿಯವನಿಗೆ ಬರಿದೇ ₹1,800, ಕಾದದ್ದಕ್ಕೆ ಮೇಲೆ ₹600 ಕೊಟ್ಟೆ. ವಿಮಾನ ಸಂಸ್ಥೆಯಿಂದ ಒಂದು ಬನ್ನೂ ಒಂದು ನೀರಿನ ಬಾಟಲಿಯೂ ಸಿಕ್ಕಿದವು.

ಬಜ್ಪೆಯಿಂದ: ಒಂದು ದಿನದ ಮೋಡಕ್ಕಾಗಿ ನಮ್ಮ ನಿಲ್ದಾಣವನ್ನು ದೂರುವುದು ಸರಿಯಲ್ಲ. ಗುಡ್ಡದ ನೆತ್ತಿಯಲ್ಲಿ 2,450 ಮೀಟರ್ ಉದ್ದದ ರನ್‌ವೇ 2006ರಿಂದ ಇದೆ, ಮಳೆಗಾಲದಲ್ಲೂ ವಿಮಾನಗಳು ಬಂದು ಹೋಗುತ್ತಲೇ ಇವೆ. ಹೊತ್ತು ಹಾಳಾಗುವುದು ಮುಂಬೈಯಲ್ಲಿ. ಅಲ್ಲಿನ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುವುದರಿಂದ ಎರಡನ್ನೂ ಒಟ್ಟಿಗೆ ಪೂರ್ತಿಯಾಗಿ ಬಳಸಲಾಗದು, ಹಾಗಾಗಿ ಇಳಿಯುವ ಸರದಿಗೆ ಕಾಯಬೇಕು. ಟಿಕೆಟ್ಟಿನಲ್ಲಿರುವುದು ಗೇಟಿನಿಂದ ಗೇಟಿಗೆ ತಗಲುವ ಸಮಯ. ಅದರಲ್ಲಿ ನಿಜವಾದ ಹಾರಾಟ ಒಂದೂಕಾಲು ಗಂಟೆಯ ಆಸುಪಾಸು, ಉಳಿದದ್ದು ನೆಲದ ಮೇಲೆ ತೆವಳುವುದು ಮತ್ತು ಕಾಯುವುದು. ನಾನು ಬೆಳಗಿನ ತಿಂಡಿ ಮನೆಯಲ್ಲಿ ತಿಂದು ಮಧ್ಯಾಹ್ನದ ಊಟವನ್ನು ಅಂಧೇರಿಯಲ್ಲಿ ಮಾಡುವವನು.

ಡೊಂಬಿವಲಿಯಿಂದ: ಅಂಧೇರಿಯಲ್ಲಿ ಉಂಡವರಿಗೆ ಡೊಂಬಿವಲಿಯ ಕಷ್ಟ ತಿಳಿಯದು. ನನ್ನ ಅತ್ತೆಯನ್ನು ವಿಮಾನದಲ್ಲಿ ಕರೆಸಿದಾಗ ಸಾಮಾನು ಬರಲು ಮುಕ್ಕಾಲು ಗಂಟೆ, ಟ್ಯಾಕ್ಸಿಗೆ ₹1,150, ಮುಂಬ್ರಾದ ಬಳಿ ವಾಹನಗಳ ಸಾಲಿನಲ್ಲಿ ಎರಡು ಗಂಟೆ ಹೋದವು. ಚೆಕ್-ಇನ್ ಕೌಂಟರು ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಅವರು ಉಡುಪಿಯ ಮನೆ ಬಿಟ್ಟದ್ದು ನಸುಕಿನಲ್ಲಿ. ಒಟ್ಟು ಲೆಕ್ಕ ಹಾಕಿದರೆ ಒಂಬತ್ತು ಗಂಟೆಗೂ ಮೀರಿತು. ಈಗ ನಾವು ಇಂದ್ರಾಳಿಯಲ್ಲಿ, ಅಂದರೆ ಉಡುಪಿ ರೈಲು ನಿಲ್ದಾಣದಲ್ಲಿ, ಮತ್ಸ್ಯಗಂಧಾ ಹತ್ತಿಸುತ್ತೇವೆ. ರಾತ್ರಿ ಮಲಗಿ ಬಂದು ಠಾಣೆಯಲ್ಲಿ ಇಳಿಯುತ್ತಾರೆ.

ಬಜ್ಪೆಯಿಂದ: ಜುಲೈಯ ರೈಲಿನ ಮಾತನ್ನೂ ಪೂರ್ತಿ ಹೇಳಿ. ತೋಕೂರಿನಿಂದ ರೋಹಾದವರೆಗಿನ 741 ಕಿ.ಮೀ. ಕೊಂಕಣ ಹಳಿಯಲ್ಲಿ ಜಡಿಮಳೆ ಹಿಡಿದರೆ ವೇಗವನ್ನು ಗಂಟೆಗೆ 40 ಕಿ.ಮೀ.ಗೆ ಇಳಿಸುತ್ತಾರೆ, ಗುಡ್ಡ ಕುಸಿದರೆ ಅಷ್ಟೂ ಇಲ್ಲ.

ಡೊಂಬಿವಲಿಯಿಂದ: ತಡವಾದರೂ ರೈಲು ಠಾಣೆಗೇ ಬರುತ್ತದೆ, ಬೆಂಗಳೂರಿಗೆ ಹೋಗುವುದಿಲ್ಲ.

ಕಾಪುವಿನಿಂದ: ಸರಿಯಾಗಿ ಹೇಳಿದಿರಿ. ಇನ್ನು ಬಜ್ಪೆಗೆ ಹೋಗುವಾಗ ಹೆಜಮಾಡಿಯ ಟೋಲನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

ಬಜ್ಪೆಯಿಂದ: ಶಿರ್ವ, ಬೆಳ್ಮಣ್, ಕಿನ್ನಿಗೋಳಿ, ಕಟೀಲು ಮಾರ್ಗವಾಗಿ ಬಂದರೆ ಟೋಲೇ ಇಲ್ಲ. ಹೆದ್ದಾರಿ ಬಿಟ್ಟು ಬೇರೆ ದಾರಿ ಅರಿಯದವರು ಲೆಕ್ಕ ಕೇಳಬಾರದು.

ಕಾಪುವಿನಿಂದ: ಆ ತಿರುವುಗಳಲ್ಲಿ ಜುಲೈಯ ನಸುಕಿಗೆ ವಯಸ್ಸಾದವರನ್ನು ಕೂರಿಸಿಕೊಂಡು ನೀವೇ ಒಮ್ಮೆ ಕಾರು ಓಡಿಸಿ ನೋಡಿ, ಆಮೇಲೆ ನನಗೆ ದಾರಿ ಕಲಿಸಿ.