ಅಪ್‌ಡೇಟ್: ಸುರಕ್ಷತಾ ಸೂಚನೆಗಳನ್ನು ಕಾರ್ಮಿಕರಿಗೆ ತಲುಪಿಸುವ ಕುರಿತು

ಬೇರೆ ಬೇರೆ ಭಾಷೆಯವರು, ಓದು ಬಾರದವರು ಒಟ್ಟಿಗೆ ದುಡಿಯುವ ನಿರ್ಮಾಣ ಸ್ಥಳದಲ್ಲಿ ಸುರಕ್ಷತಾ ಸೂಚನೆಗಳನ್ನು ತಲುಪಿಸುವುದು ಹೇಗೆಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಹೆಚ್ಚು ಫಲ ಕೊಟ್ಟದ್ದು ಬೆಳಗಿನ ಸಭೆಯಲ್ಲಿ ಮಾಡಿದ ಬದಲಾವಣೆ. ನಿಯಮಗಳನ್ನೆಲ್ಲ ಓದಿ ಸಹಿ ಹಾಕಿಸಿಕೊಳ್ಳುವ ಬದಲು, ಆ ದಿನದ ಕೆಲಸದ ಒಂದೇ ಅಪಾಯವನ್ನು ಕೆಲಸದ ಜಾಗದಲ್ಲೇ ನಿಂತು ವಿವರಿಸಿ, ಬಳಿಕ ಕಾರ್ಮಿಕರಿಂದಲೇ ಮಾಡಿ ತೋರಿಸುವಂತೆ ಕೇಳುತ್ತೇವೆ. ಸೇಫ್ಟಿ ಬೆಲ್ಟಿನ ಕೊಕ್ಕೆಯನ್ನು ಎಲ್ಲಿ ಸಿಕ್ಕಿಸುತ್ತೀರಿ ಎಂದಾಗ ಕೆಲವರು ಸಡಿಲವಾಗಿದ್ದ ಅಡ್ಡ ಪೈಪನ್ನು ತೋರಿಸಿದರು. 'ಅರ್ಥವಾಯಿತೇ' ಎಂದಷ್ಟೇ ಕೇಳಿದ್ದರೆ ಎಲ್ಲರೂ ತಲೆಯಾಡಿಸಿ ಮೇಲೆ ಹತ್ತುತ್ತಿದ್ದರು.

ಫಲಕಗಳಿಗೆ ಐಎಸ್‌ಒ 7010 ಎಂಬ ಅಂತರರಾಷ್ಟ್ರೀಯ ಮಾನದಂಡದ ಸುರಕ್ಷತಾ ಚಿಹ್ನೆಗಳನ್ನೇ ಬಳಸಿದ್ದೇವೆ: ಎಚ್ಚರಿಕೆಗೆ ಹಳದಿ ತ್ರಿಕೋನ, ಕಡ್ಡಾಯ ಕ್ರಮಕ್ಕೆ ನೀಲಿ ವೃತ್ತ, ನಿಷೇಧಕ್ಕೆ ಅಡ್ಡಗೆರೆಯ ಕೆಂಪು ವೃತ್ತ. ಚಿತ್ರ ತಾನಾಗಿಯೇ ಅರ್ಥವಾಗುತ್ತದೆಂಬ ಸಲಹೆಯನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ; ಹೊಸಬರಿಗೆ ಅದನ್ನೂ ಹೇಳಿಕೊಡಬೇಕಾಗುತ್ತದೆ.

ಕಾಂಕ್ರೀಟ್ ಕತ್ತರಿಸುವಾಗ ಏಳುವ ಸಿಲಿಕಾ ಧೂಳಿನ ವಿಷಯ ಇನ್ನೂ ಕಾರ್ಮಿಕರ ಮನಸ್ಸಿಗೆ ಇಳಿದಿಲ್ಲ. ಶ್ವಾಸಕೋಶಕ್ಕಾಗುವ ಹಾನಿ ಸಾಮಾನ್ಯವಾಗಿ ವರ್ಷಗಳ ನಂತರ ಕಾಣಿಸಿಕೊಳ್ಳುವುದರಿಂದ, ಮೇಲ್ವಿಚಾರಕರು ಅತ್ತ ಸರಿದೊಡನೆ ಮಾಸ್ಕ್ ಕುತ್ತಿಗೆಗೆ ಜಾರುತ್ತದೆ. ಆದ್ದರಿಂದ ಮಾತಿನ ಜೊತೆಗೆ, ಧೂಳೇಳದಂತೆ ನೀರು ಹಾಯಿಸುವ ಕಟರ್‌ಗಳನ್ನು ತರಿಸುವಂತೆಯೂ ಕೋರಿದ್ದೇನೆ.